ಕುತ್ತಿಗೆಯಿಂದ ಲಿವರಿಗೆ ಒಂದು ಸುತ್ತುದಾರಿ

ಲಿವರಿನ ಚೂರು ತೆಗೆದು ಪರೀಕ್ಷಿಸಲು, ಅಂದರೆ ಬಯಾಪ್ಸಿಗೆ, ಪಕ್ಕೆಲುಬಿನ ಸಂದಿಯಲ್ಲಿ ಸೂಜಿ ಚುಚ್ಚುವುದೇ ನೇರ ದಾರಿ. 1883ರಲ್ಲೇ ಜರ್ಮನಿಯ ಪೌಲ್ ಏರ್ಲಿಖ್ ಚುಚ್ಚಿದ್ದ. 1958ರಲ್ಲಿ ಇಟಲಿಯ ಮೆಂಗಿನಿ ಅದನ್ನು ಒಂದು ಸೆಕೆಂಡಿನ ಕೆಲಸ ಮಾಡಿದ. ಆದರೆ ಈ ಪರೀಕ್ಷೆ ಯಾರಿಗೆ ತೀರಾ ಬೇಕೋ ಅವರಿಗೇ ನೇರ ದಾರಿ ಅಪಾಯ. ಇಂಡಿಯಿಂದಲೋ ಮುದ್ದೇಬಿಹಾಳದಿಂದಲೋ ಕಾಮಣಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಬರುವ ರೋಗಿಗೆ ಪ್ಲೇಟ್‌ಲೆಟ್ ಇಳಿದಿರಬಹುದು, ರಕ್ತ ಹೆಪ್ಪುಗಟ್ಟದಿರಬಹುದು. ಹೊರಗಿನಿಂದ ಮಾಡಿದ ತೂತು ಹೊಟ್ಟೆಯೊಳಗೆ ಸೋರುತ್ತದೆ. ರಕ್ತನಾಳದ ಒಳಗಿನಿಂದ ಚುಚ್ಚಿದರೆ ಸೋರಿದ ರಕ್ತ ಮತ್ತೆ ನಾಳಕ್ಕೇ ಸೇರುತ್ತದೆ. ಸುತ್ತುದಾರಿಯ ಸಮರ್ಥನೆ ಇಷ್ಟೇ, ಇಷ್ಟು ಸಾಕು ಕೂಡ.

ಈ ಸುತ್ತುದಾರಿಯನ್ನು ಮೊದಲು ಹಿಡಿದವನು ಅಮೆರಿಕದ ವೈದ್ಯ ಚಾರ್ಲ್ಸ್ ಡಾಟರ್; ಜನ ಅವನನ್ನು ಹುಚ್ಚ ಚಾರ್ಲಿ ಎನ್ನುತ್ತಿದ್ದರು. 1963ರಲ್ಲಿ ಷಿಕಾಗೋದ ವೈದ್ಯ ಸಮ್ಮೇಳನವೊಂದರಲ್ಲಿ ಬಿಲ್ ಕುಕ್ ಎಂಬ ವ್ಯಾಪಾರಿಯ ಬ್ಲೋಟಾರ್ಚ್ ಕೇಳಿ ಪಡೆದು, ರಾತ್ರಿಯೆಲ್ಲ ಹೋಟೆಲ್ ಕೋಣೆಯಲ್ಲಿ ಟೆಫ್ಲಾನ್ ನಳಿಗೆ ಕಾಯಿಸಿ ರಕ್ತನಾಳದೊಳಗೆ ತೂರಿಸುವ ಕ್ಯಾಥೆಟರ್ ಮಾಡಿ, ಬೆಳಗ್ಗೆ ಕುಕ್‌ನ ಕೈಗಿಟ್ಟನಂತೆ! ಮರುವರ್ಷವೇ ನಾಯಿಗಳಲ್ಲಿ ನಾಳದ ಮೂಲಕ ಲಿವರ್ ಬಯಾಪ್ಸಿ ಮಾಡಿ ತೋರಿಸಿದ. ಎಪ್ಪತ್ತರ ದಶಕದ ಆರಂಭಕ್ಕೆ ಅದು ಮನುಷ್ಯರಿಗೂ ಬಂತು.

ಕಷ್ಟವಿರುವುದು ತಿರುವಿನಲ್ಲಿ. ಕುತ್ತಿಗೆಯ ಬಲಗಡೆಯ ನಾಳದಿಂದ ಇಳಿದ ತಂತಿ ಹೃದಯದ ಮೇಲುಕೋಣೆ ದಾಟಬೇಕು. ಅಲ್ಲಿ ತಾಗಿದರೆ ಬಡಿತ ತಪ್ಪುತ್ತದೆ. ಬಳಿಕ ಲಿವರಿನ ಬಲನಾಳಕ್ಕೆ ಹೊರಳಬೇಕು. ಲಿವರ್ ಗಟ್ಟಿಯಾಗುವ ಸಿರೋಸಿಸ್ ರೋಗದಲ್ಲಿ ಅದು ಕುಗ್ಗಿರುವುದರಿಂದ ಆ ಕೋನವೇ ಸೊಟ್ಟಗಾಗಿರುತ್ತದೆ. ಬಾಗಿದ ಲೋಹದ ನಳಿಗೆಯನ್ನು ಮುಂದಕ್ಕೆ ತಿರುಗಿಸಿ ಸೂಜಿ ಹಾರಿಸುತ್ತಾರೆ. ಒಂದಿಷ್ಟು ಹೆಚ್ಚು ಮುಂದೆ ಹೋದರೆ ಲಿವರಿನ ಹೊದಿಕೆಯೇ ತೂತು, ಆಗ ತಪ್ಪಿಸಬೇಕೆಂದಿದ್ದ ರಕ್ತಸ್ರಾವವೇ ಎದುರು.

ಇಷ್ಟು ಸುತ್ತಿ ಸಿಗುವುದು ಪುಟ್ಟ ಚೂರು ಎನ್ನುವ ಆಕ್ಷೇಪ ನಿಜ. ಆದ್ದರಿಂದಲೇ ಎರಡು ಮೂರು ಸಲ ತೆಗೆಯುತ್ತಾರೆ. 2007ರ ವಿಮರ್ಶೆಯೊಂದು 7,649 ಪ್ರಕರಣ ನೋಡಿ, ಶೇಕಡಾ 96.8ರಲ್ಲಿ ಕೆಲಸ ಯಶಸ್ವಿ, ದೊಡ್ಡ ತೊಂದರೆ ಶೇಕಡಾ 0.6 ಎಂದಿತು. ಸೂಜಿಯಿಲ್ಲದ ಫೈಬ್ರೊಸ್ಕ್ಯಾನ್ ಪರೀಕ್ಷೆ ಇರುವಾಗ ಇದೇಕೆ ಎಂದರೆ, ಅದು ಗಟ್ಟಿತನ ಅಳೆಯುತ್ತದೆ, ರೋಗದ ಕಾರಣ ಹೇಳುವುದಿಲ್ಲ. ಖರ್ಚಿನ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕ್ಯಾಥೆಟರ್ ಕೆಲಸದ ಕ್ಯಾಥ್ ಲ್ಯಾಬ್, ಪಳಗಿದ ಕೈ ಎರಡೂ ಬೇಕು. ಸಿಂದಗಿಯವರು, ಬಸವನ ಬಾಗೇವಾಡಿಯವರು ದೊಡ್ಡ ಊರಿಗೇ ಹೋಗಬೇಕು. ಆದರೆ ಅದೇ ದಾರಿಯಿಂದ ಲಿವರಿನ ನಾಳಗಳ ಒತ್ತಡದ ಅಂತರವನ್ನೂ ಅಳೆಯಬಹುದು. ಅದು 10 mmHg ದಾಟಿದರೆ ಅನ್ನನಾಳದ ರಕ್ತನಾಳಗಳು ಉಬ್ಬುವ ಅಪಾಯ ಹೆಚ್ಚು. ಹಾಗಾಗಿ ಹೋಗಿಬಂದ ಒಂದೇ ಸಲಕ್ಕೆ ಎರಡು ಪರೀಕ್ಷೆ ಮುಗಿಯುತ್ತವೆ.