ಪ್ರಯೋಗಶಾಲೆ ಮುಚ್ಚಿದ ಬೇಸಿಗೆ
(ವಿದ್ಯಾರ್ಥಿ ಯುವಜನ ಶಿಬಿರದಲ್ಲಿ ಮಾಡಿದ ಭಾಷಣ)



ಅಮೆರಿಕೆಯಂಥ ಸಿರಿವಂತ ದೇಶದ ಕಾಲೇಜು ಹುಡುಗರ ಕಷ್ಟ ನಮಗೇಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಹಾಸ್ಟೆಲಿನ ಅನ್ನ ಉಂಡು ಓದಿದವರಿಗೆ ಅದು ಪರರ ಕಥೆಯೆನಿಸಲಾರದು.

ಆ ದೇಶದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು 1987ರಲ್ಲಿ ಒಂದು ಯೋಜನೆ ಆರಂಭಿಸಿತು. ಪದವಿಗೆ ಓದುವ ಹುಡುಗ ಹುಡುಗಿಯರು ಬೇಸಿಗೆಯ ಎಂಟು ಹತ್ತು ವಾರ ಯಾವುದಾದರೊಂದು ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನಿಗಳ ಜೊತೆ ದುಡಿಯುತ್ತಾರೆ. ಬಿಟ್ಟಿಯಲ್ಲ, ವೇತನ ಉಂಟು. ಸಾಮಾನ್ಯವಾಗಿ ವಸತಿಗೂ ನೆರವುಂಟು. ಸಂಶೋಧನೆಗೆ ಅನುಕೂಲವಿಲ್ಲದ ಸಣ್ಣ ಕಾಲೇಜುಗಳವರಿಗೆ ಎಡೆ ಕೊಡಬೇಕೆಂಬ ನಿಯಮವೂ ಇದೆ. ಇದು ಒಳ್ಳೆಯ ಯೋಜನೆಯೆನ್ನಲು ನಮಗೆ ಸಂಕೋಚವಿಲ್ಲ.

2020ರ ಮಾರ್ಚ್ 11ರಂದು ಕೋವಿಡ್ ಜಗದ್ವ್ಯಾಪಿ ಪಿಡುಗೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅದರ ಹಿಂದಿನ ದಿನವೇ ಹಾರ್ವರ್ಡ್ ವಿಶ್ವವಿದ್ಯಾನಿಲಯ, ಐದು ದಿನದೊಳಗೆ ಕೊಠಡಿ ಖಾಲಿ ಮಾಡಿರೆಂದು ತನ್ನ ವಿದ್ಯಾರ್ಥಿಗಳಿಗೆ ಹೇಳಿತ್ತು. ಹೋಗಲು ಜಾಗವಿಲ್ಲದವರು ಅರ್ಜಿ ಹಾಕಿಕೊಳ್ಳಬೇಕಾಯಿತು. ಬೇಸಿಗೆ ಬಂದಾಗ ಎಷ್ಟೋ ಕಡೆ ಸಂಶೋಧನೆಯ ಕಾರ್ಯಕ್ರಮವನ್ನೇ ರದ್ದು ಮಾಡಿದರು. ಕೆಲವು ಕಡೆ ಕಂಪ್ಯೂಟರಿನ ಮೂಲಕ ಮನೆಯಿಂದಲೇ ನಡೆಸಿದರು. ಲೆಕ್ಕದ ಕೆಲಸ ಹಾಗೆ ನಡೆದೀತು. ಪ್ರನಾಳವನ್ನು ಮನೆಗೊಯ್ಯುವುದೆಂತು? ಪ್ರಯೋಗ ಕೆಟ್ಟಾಗ ಪಕ್ಕದಲ್ಲಿರುವ ಹಿರಿಯ ವಿದ್ಯಾರ್ಥಿಯನ್ನು "ನಿಮಗೂ ಹೀಗೆ ಆಗಿತ್ತೆ?" ಎಂದು ಕೇಳುವ ಧೈರ್ಯವೊಂದಿದೆ. ಒಂದೇ ಕೋಣೆಯ ಮನೆಯಲ್ಲಿ, ತಮ್ಮ ತಂಗಿಯರ ಗದ್ದಲದ ನಡುವೆ, ಕುಂಟುವ ಇಂಟರ್ನೆಟ್ಟಿನಲ್ಲಿ ಅದು ಸಿಕ್ಕುವುದಿಲ್ಲ.

ಇನ್ನು ಸರ್ಕಾರದ ನೆರವು. ಆ ಮಾರ್ಚ್ 27ರ ಕಾನೂನಿನಂತೆ ಆದಾಯದ ಮಿತಿಯೊಳಗಿನ ವಯಸ್ಕರಿಗೆ 1,200 ಡಾಲರು, 17 ತುಂಬದ ಮಗುವಿನ ಲೆಕ್ಕದಲ್ಲಿ ಮನೆಯವರಿಗೆ 500 ಡಾಲರು. ತಂದೆತಾಯಿಯ ತೆರಿಗೆ ಪಟ್ಟಿಯಲ್ಲಿ ಅವಲಂಬಿಯೆಂದು ಸೇರಿದ ಕಾಲೇಜು ವಿದ್ಯಾರ್ಥಿಗೆ ಅದೂ ಇಲ್ಲ, ಇದೂ ಇಲ್ಲ. ಅವನು ವಯಸ್ಕನೂ ಅಲ್ಲ, ಮಗುವೂ ಅಲ್ಲ! ಈ ತಪ್ಪನ್ನು ತಿದ್ದಿದ್ದು 2021ರ ಮಾರ್ಚಿನ ಕಾನೂನು. ಅಷ್ಟರಲ್ಲಿ ಒಂದು ಬೇಸಿಗೆ, ಒಂದು ಚಳಿಗಾಲ ಕಳೆದಿತ್ತು.

ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೆಂದು ಫೋನಿನಲ್ಲಿ ಸಲಹೆಗಾರರನ್ನು ಇಟ್ಟರೆ ಬೇಡವೆನ್ನುವವರು ನಾವಲ್ಲ. ಆದರೆ ಬಾಡಿಗೆ ಕಟ್ಟಲಾಗದೆ ನಿದ್ದೆಗೆಟ್ಟವನಿಗೆ ದೀರ್ಘವಾಗಿ ಉಸಿರೆಳೆದುಕೊಳ್ಳೆಂದು ಹೇಳಿ ಏನು ಫಲ? ಬೇಸಿಗೆಯ ಆ ವೇತನವೇ ಎಷ್ಟೋ ಬಡ ಹುಡುಗರಿಗೆ ಅನ್ನ, ಸೂರು, ಮುಂದಿನ ವರ್ಷದ ಪುಸ್ತಕ.

ನಮ್ಮಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ಇನ್ನೆರಡು ಅಕಾಡೆಮಿಗಳೊಡನೆ ಕೂಡಿ, ಇಂಥದೇ ಬೇಸಿಗೆ ಶಿಷ್ಯವೇತನ ಕೊಡುತ್ತ ಬಂದಿದೆ. ಆದ್ದರಿಂದ ನಾಳಿನ ನಿರ್ಣಯದಲ್ಲಿ ಎರಡು ಮಾತು ಸೇರಿಸಬೇಕೆಂದು ಕೋರುತ್ತೇವೆ: ಪಿಡುಗಿನಲ್ಲಿ ಪ್ರಯೋಗಶಾಲೆ ಮುಚ್ಚಿದರೂ ಆಯ್ಕೆಯಾದ ವಿದ್ಯಾರ್ಥಿಯ ವೇತನ ನಿಲ್ಲಕೂಡದು, ಊರಿಗೆ ಹೋಗಲಾರದವರಿಗಾಗಿ ಹಾಸ್ಟೆಲಿನ ಒಲೆ ಆರಕೂಡದು.