ಎನರ್ಜಿ ಮ್ಯಾನೇಜರ್ ಸಹಿಗೆ ಎಷ್ಟು ಬಲ?



ಉದ್ಯಮಗಳು ಇಂಧನ ಸಂರಕ್ಷಣಾ ಕಾಯ್ದೆಯನ್ನು ಹೇಗೆ ಪಾಲಿಸಬೇಕು ಎಂಬುದನ್ನು ಎರಡು ದಿನ ಚರ್ಚಿಸಲು ಇಲ್ಲಿ ಸೇರಿದ್ದೇವೆ. ಕಾರ್ಯಕ್ರಮ ಪಟ್ಟಿಯಲ್ಲಿ ದಂಡದ ಬಗ್ಗೆ ಗೋಷ್ಠಿಯಿದೆ, ಕಾರ್ಬನ್ ಮಾರುಕಟ್ಟೆಯ ಬಗ್ಗೆ ಗೋಷ್ಠಿಯಿದೆ. ಎನರ್ಜಿ ಮ್ಯಾನೇಜರ್ ಬಗ್ಗೆ ಇಲ್ಲ. ಆದ್ದರಿಂದ ನಾನು ಅವರಿಂದಲೇ ಆರಂಭಿಸುತ್ತೇನೆ. ಈ ಕಾಯ್ದೆಯ ಭಾರವೆಲ್ಲ ಕಾರ್ಖಾನೆಯೊಳಗಿನ ಆ ಒಬ್ಬ ವ್ಯಕ್ತಿಯ ಮೇಲೆ ಬೀಳುತ್ತದೆ. ನಾನು ಕಂಡ ಎಷ್ಟೋ ಕಡೆ ಅವರಿಗೆ ಫಾರಂಗೆ ಸಹಿ ಹಾಕುವ ಹೊಣೆಯಿದೆ, ಒಂದು ವಾಲ್ವ್ ಬದಲಿಸಲು ಬೇಕಾದ ಅಧಿಕಾರವಿಲ್ಲ.

ಕಾಯ್ದೆ ಏನು ಕೇಳುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. 2001ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು, 2002ರ ಮಾರ್ಚ್ 1ರಂದು ಜಾರಿಗೆ ಬಂದ ಕಾಯ್ದೆ ಇದು. ಅಂದೇ ಇಂಧನ ದಕ್ಷತಾ ಬ್ಯೂರೋ, ಅಂದರೆ ನಾವೆಲ್ಲ ಬಿಇಇ ಎನ್ನುವ ಸಂಸ್ಥೆಯೂ ಹುಟ್ಟಿತು. ಹೆಚ್ಚು ಇಂಧನ ಉರಿಸುವ ಉದ್ದಿಮೆಗಳನ್ನು ಸರ್ಕಾರ 'ನಿಯೋಜಿತ ಗ್ರಾಹಕರು' ಎಂದು ಅಧಿಸೂಚಿಸುತ್ತದೆ. ಅಳತೆಗೋಲು ಒಂದು ಟನ್ ತೈಲಕ್ಕೆ ಸಮನಾದ ಶಕ್ತಿ. ಒಂದು ಕೋಟಿ ಕಿಲೋಕ್ಯಾಲರಿ, ಕರೆಂಟಿನ ಲೆಕ್ಕದಲ್ಲಿ 11,630 ಯೂನಿಟ್. ಜವಳಿ ಗಿರಣಿಗೆ ವರ್ಷಕ್ಕೆ 3,000 ಟನ್, ಸಿಮೆಂಟ್ ಕಾರ್ಖಾನೆಗೆ 30,000 ಟನ್ ಎಂದು ಮಿತಿ ಹಾಕಿ ಕೆಲಸ ಶುರುವಾಯಿತು. ಆ ಗೆರೆ ದಾಟಿದವರು ಬಿಇಇ ಪರೀಕ್ಷೆ ಪಾಸಾದ ಎನರ್ಜಿ ಮ್ಯಾನೇಜರನ್ನು ನೇಮಿಸಬೇಕು, ವರ್ಷದ ಇಂಧನ ಬಳಕೆಯ ವರದಿ ಸಲ್ಲಿಸಬೇಕು, ಮಾನ್ಯತೆ ಪಡೆದ ಆಡಿಟರ್‌ನಿಂದ ಮೂರು ವರ್ಷಕ್ಕೊಮ್ಮೆ ಎನರ್ಜಿ ಆಡಿಟ್ ಮಾಡಿಸಬೇಕು, ಆಡಿಟ್ ಹೇಳಿದ್ದರಲ್ಲಿ ಯಾವುದನ್ನು ಮಾಡಿದೆವು, ಯಾವುದನ್ನು ಬಿಟ್ಟೆವು ಎಂದು ತಿಳಿಸಬೇಕು.

ಮೊದಲ ಐದು ವರ್ಷ ಯಾರಿಗೂ ದಂಡ ಹಾಕುವಂತಿಲ್ಲ ಎಂದು ಕಾಯ್ದೆಯೇ ಹೇಳಿತ್ತು. ಮೊದಲು ಅಳೆಯಲು ಕಲಿಯಿರಿ ಎಂಬ ಭಾವ ಅದರಲ್ಲಿತ್ತು ಎಂದು ನಾನು ತಿಳಿದಿದ್ದೇನೆ. ದಂಡ ಆಮೇಲೆ ಬೆಳೆಯಿತು. 2001ರಲ್ಲಿ ಹತ್ತು ಸಾವಿರ ರೂಪಾಯಿ ಇದ್ದ ಮಿತಿ 2010ರ ತಿದ್ದುಪಡಿಯಲ್ಲಿ ಹತ್ತು ಲಕ್ಷಕ್ಕೆ ಏರಿತು. 2022ರ ತಿದ್ದುಪಡಿಯ ಪ್ರಕಾರ, ನಿಗದಿಗಿಂತ ಹೆಚ್ಚು ಬಳಸಿದ ಪ್ರತಿ ಟನ್ನಿಗೆ ಅದರ ಬೆಲೆಯ ಎರಡರಷ್ಟರವರೆಗೆ ಹೆಚ್ಚುವರಿ ದಂಡ ಬೀಳಬಹುದು. ದೊಡ್ಡ ಕಾರ್ಖಾನೆಗೆ ಹತ್ತು ಲಕ್ಷ ದೊಡ್ಡದಲ್ಲ, ಈ ಎರಡನೆಯದು ದೊಡ್ಡದು.

ಈಗ ಕಾರ್ಖಾನೆಯೊಳಕ್ಕೆ ಬನ್ನಿ. ವಾರದ ರಜೆ, ಯಂತ್ರಗಳೆಲ್ಲ ನಿಂತಿವೆ, ಗಾಳಿ ಬಳಸುವವರು ಯಾರೂ ಇಲ್ಲ. ಆದರೂ ಕಂಪ್ರೆಸರ್ ರೂಮಿನಲ್ಲಿ ಒಂದು ಕಂಪ್ರೆಸರ್ ಲೋಡ್ ತೆಗೆದುಕೊಳ್ಳುತ್ತಿದೆ, ಬಿಡುತ್ತಿದೆ, ಮತ್ತೆ ತೆಗೆದುಕೊಳ್ಳುತ್ತಿದೆ. ಗಾಳಿ ಎಲ್ಲಿಗೆ ಹೋಗುತ್ತಿದೆ? ಶೆಡ್ಡಿನಲ್ಲಿ ನಡೆದರೆ ಕಿವಿಗೇ ಕೇಳುತ್ತದೆ. ಹೋಸ್ ಪೈಪಿನ ಕ್ಲಾಂಪಿನಲ್ಲಿ, ಡ್ರೈನ್ ವಾಲ್ವಿನಲ್ಲಿ, ಯಾವಾಗಲೋ ಬಳಕೆ ನಿಲ್ಲಿಸಿದ ಲೈನಿನ ತುದಿಯಲ್ಲಿ ಸುಯ್ ಎನ್ನುತ್ತಿರುತ್ತದೆ. ಏಳು ಬಾರ್ ಒತ್ತಡದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಸುಮಾರು ಮೂರೂವರೆ ಕಿಲೋವ್ಯಾಟ್ ನುಂಗುತ್ತದೆ. ವರ್ಷವಿಡೀ ಹಾಗೇ ಬಿಟ್ಟರೆ ಮೂವತ್ತು ಸಾವಿರ ಯೂನಿಟ್ ಮೀರುತ್ತದೆ. ಎನರ್ಜಿ ಮ್ಯಾನೇಜರ್ ಇದನ್ನು ಕಂಡಿರುತ್ತಾರೆ, ಸೀಮೆಸುಣ್ಣದಿಂದ ಗುರುತು ಹಾಕಿರುತ್ತಾರೆ, ಮೇಂಟೆನೆನ್ಸ್‌ಗೆ ಇಂಡೆಂಟ್ ಕೊಟ್ಟಿರುತ್ತಾರೆ. ಪ್ರೊಡಕ್ಷನ್‌ನವರು ಲೈನ್ ನಿಲ್ಲಿಸಲು ಒಪ್ಪುವುದಿಲ್ಲ. ಪರ್ಚೇಸ್‌ನವರು ಮುಂದಿನ ತಿಂಗಳು ನೋಡೋಣ ಎನ್ನುತ್ತಾರೆ. ಅಷ್ಟರಲ್ಲಿ ಜೂನ್ ಬರುತ್ತದೆ, ವಾರ್ಷಿಕ ವರದಿಗೆ ಅದೇ ಮ್ಯಾನೇಜರ್ ಸಹಿ ಹಾಕುತ್ತಾರೆ. ಕಾಗದದ ಮೇಲೆ ಕಾನೂನು ಪಾಲನೆಯಾಯಿತು, ಗಾಳಿ ಸೋರುತ್ತಲೇ ಇದೆ.

ಇದಕ್ಕೆ ಆ ಮ್ಯಾನೇಜರನ್ನು ದೂರುವುದು ಅನ್ಯಾಯ. ಅವರನ್ನು ಯಾರ ಕೈಕೆಳಗೆ ಕೂರಿಸಿದ್ದೇವೆ, ಅವರ ಹೆಸರಿನಲ್ಲಿ ಎಷ್ಟು ಬಜೆಟ್ ಇಟ್ಟಿದ್ದೇವೆ, ಅವರ ವರದಿ ಆಡಳಿತ ಮಂಡಳಿಯ ಮೇಜಿಗೆ ಹೋಗುತ್ತದೆಯೋ ಇಲ್ಲವೋ ಎಂಬುದು ಮಾಲೀಕರು ಉತ್ತರ ಹೇಳಬೇಕಾದ ಪ್ರಶ್ನೆ. ಕಾಯ್ದೆ ಹುದ್ದೆಯನ್ನು ಸೃಷ್ಟಿಸಿತು. ಆ ಹುದ್ದೆಗೆ ಕೈಕಾಲು ಕೊಡುವುದನ್ನು ಉದ್ಯಮಕ್ಕೆ ಬಿಟ್ಟಿತು.

ಮಾರುಕಟ್ಟೆಯ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಮುಂದೆ ಬರಲಿರುವ ಕಾರ್ಬನ್ ವ್ಯವಹಾರಕ್ಕೆ ಪಾಠ ಇಲ್ಲಿದೆ. 2012ರಿಂದ 2015ರವರೆಗೆ 'ಪ್ಯಾಟ್' (ಪರ್ಫಾರ್ಮ್, ಅಚೀವ್ ಅಂಡ್ ಟ್ರೇಡ್) ಯೋಜನೆಯ ಮೊದಲ ಆವರ್ತ ನಡೆಯಿತು. ಎಂಟು ವಲಯಗಳ 478 ಘಟಕಗಳು ಅದರಲ್ಲಿದ್ದವು. ಒಟ್ಟು ಎಷ್ಟು ಉರಿಸಿದಿರಿ ಎಂದು ಕೇಳದೆ, ಒಂದು ಟನ್ ಸಿಮೆಂಟಿಗೆ, ಒಂದು ಟನ್ ಕಾಗದಕ್ಕೆ ಎಷ್ಟು ಉರಿಸಿದಿರಿ ಎಂದು ಕೇಳಿದ್ದು ಅದರ ಜಾಣತನ. ಉತ್ಪಾದನೆ ಹೆಚ್ಚಿಸಿದವರಿಗೆ ಶಿಕ್ಷೆಯಾಗಲಿಲ್ಲ. ಗುರಿ 66.86 ಲಕ್ಷ ಟನ್ ತೈಲಕ್ಕೆ ಸಮನಾದ ಉಳಿತಾಯ, ಆದದ್ದು 86.7 ಲಕ್ಷ ಟನ್. ಇದು ಸಣ್ಣ ಸಾಧನೆಯಲ್ಲ. ನಮ್ಮ ಎಂಜಿನಿಯರುಗಳ ಬಗ್ಗೆ ನನಗೆ ನಿಜವಾಗಿ ಹೆಮ್ಮೆಯಿದೆ.

ಆದರೆ ಗುರಿ ಮೀರಿದವರಿಗೆ ಸುಮಾರು 38.25 ಲಕ್ಷ ಇಂಧನ ಉಳಿತಾಯ ಪ್ರಮಾಣಪತ್ರಗಳನ್ನು ಕೊಟ್ಟಾಗ, ಗುರಿ ತಪ್ಪಿದವರು ಕೊಳ್ಳಬೇಕಾಗಿದ್ದದ್ದು ಸುಮಾರು 14.25 ಲಕ್ಷ ಮಾತ್ರ. ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆ. 2017ರಲ್ಲಿ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ವಹಿವಾಟು ಶುರುವಾದಾಗ ಬೆಲೆ ನೆಲಕಚ್ಚಿತು. ಸುಮಾರು 13 ಲಕ್ಷ ಪ್ರಮಾಣಪತ್ರಗಳು ನೂರು ಕೋಟಿ ರೂಪಾಯಿಯ ಆಸುಪಾಸಿನಲ್ಲಿ ಕೈಬದಲಾದವು. ಒಂದಕ್ಕೆ ಸರಾಸರಿ ಎಂಟುನೂರು ರೂಪಾಯಿಯೂ ಬೀಳಲಿಲ್ಲ. ಒಂದು ಪ್ರಮಾಣಪತ್ರ ಪ್ರತಿನಿಧಿಸುವ ಅದೇ ಒಂದು ಟನ್ ತೈಲಕ್ಕೆ ಸಮನಾದ ಇಂಧನಕ್ಕೆ 2014-15ರ ಸಾಲಿಗೆ ಸರ್ಕಾರವೇ ಗೊತ್ತುಪಡಿಸಿದ್ದ ಬೆಲೆ 10,968 ರೂಪಾಯಿ. ಕಷ್ಟಪಟ್ಟು ಕುಲುಮೆ ಸರಿಪಡಿಸಿದವನಿಗೆ ಪ್ರಮಾಣಪತ್ರದಿಂದ ಪುಡಿಗಾಸು, ಏನೂ ಮಾಡದವನಿಗೆ ಅಗ್ಗದಲ್ಲಿ ಬಿಡುಗಡೆ. ಗುರಿಗಳು ಸಡಿಲವಾಗಿದ್ದವು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಲೆಕ್ಕ ಇನ್ನೊಂದಿಲ್ಲ.

2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆ ಅಧಿಸೂಚಿತವಾಯಿತು. 2025ರ ಅಕ್ಟೋಬರ್‌ನಲ್ಲಿ ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಆಲ್ಕಲಿ, ಕಾಗದ ವಲಯಗಳಿಗೆ ಹೊರಸೂಸುವಿಕೆಯ ಗುರಿಗಳು ಬಂದವು. 2023-24ನೇ ಸಾಲು ಆಧಾರ ವರ್ಷ. ಈ ವಲಯಗಳಿಗೆ ಇನ್ನು ಮುಂದೆ ಲೆಕ್ಕ ಟನ್ ತೈಲದಲ್ಲಲ್ಲ, ಟನ್ ಇಂಗಾಲದ ಡೈಆಕ್ಸೈಡ್‌ನಲ್ಲಿ. ಸೇಡಂ, ವಾಡಿ, ಬಾಗಲಕೋಟೆಯ ಸಿಮೆಂಟ್ ಗೂಡುಗಳನ್ನು ನೆನೆಯಿರಿ. ಅಲ್ಲಿ ಕಲ್ಲಿದ್ದಲಿನಿಂದ ಬರುವ ಇಂಗಾಲದ ಡೈಆಕ್ಸೈಡ್ ಒಂದು ಪಾಲು, ಸುಣ್ಣಕಲ್ಲು ಸುಡುವಾಗ ಕಲ್ಲೇ ಬಿಡುವುದು ಅದಕ್ಕಿಂತ ದೊಡ್ಡ ಪಾಲು. ಎಷ್ಟೇ ಚೆನ್ನಾಗಿ ಉರಿಸಿದರೂ ಎರಡನೆಯದು ಹೋಗುವುದಿಲ್ಲ. ಕ್ಲಿಂಕರ್ ಕಡಿಮೆ ಮಾಡಿ ಹಾರುಬೂದಿ, ಸ್ಲ್ಯಾಗ್ ಸೇರಿಸಬೇಕಾಗುತ್ತದೆ. ಅಂದರೆ ಎನರ್ಜಿ ಮ್ಯಾನೇಜರ್ ಈಗ ಗುಣಮಟ್ಟ ವಿಭಾಗ, ಮಾರಾಟ ವಿಭಾಗಗಳ ಜೊತೆಯೂ ಕೂರಬೇಕು. ಅಧಿಕಾರವಿಲ್ಲದವರು ಅಲ್ಲಿ ಹೋಗಿ ಏನು ಮಾತನಾಡಿಯಾರು?

ಕಟ್ಟಡಗಳ ಬಗ್ಗೆ ಒಂದೇ ಮಾತು. ಕನಿಷ್ಠ ನೂರು ಕಿಲೋವ್ಯಾಟ್ ಸಂಪರ್ಕ ಹೊರೆ ಅಥವಾ 120 ಕೆವಿಎ ಒಪ್ಪಂದ ಬೇಡಿಕೆ ಇರುವ ಕಟ್ಟಡಗಳು ಕಾಯ್ದೆಯ ವ್ಯಾಪ್ತಿಯಲ್ಲಿವೆ, 2022ರ ತಿದ್ದುಪಡಿ ವಸತಿ ಸಮುಚ್ಚಯಗಳನ್ನೂ ಸೇರಿಸಿದೆ. ಬೆಂಗಳೂರಿನಂಥ ನಗರದಲ್ಲಿ ನಕ್ಷೆ ಮಂಜೂರಾತಿಯ ಹಂತದಲ್ಲೇ ಇದನ್ನು ನೋಡದಿದ್ದರೆ ಆಮೇಲೆ ಗೋಡೆ ಒಡೆದು ಸರಿಪಡಿಸಲಾಗದು.

ನನಗೆ ಹೆಚ್ಚು ಕಳವಳವಿರುವುದು ಕಾಯ್ದೆಯ ಗೆರೆಯಿಂದ ಹೊರಗಿರುವವರ ಬಗ್ಗೆ. ಬೆಳಗಾವಿಯ ಎರಕದ ಕಾರ್ಖಾನೆಗಳು, ಪೀಣ್ಯದ ಸಣ್ಣ ಶೆಡ್ಡುಗಳು. ಇಂಡಕ್ಷನ್ ಫರ್ನೇಸಿನಲ್ಲಿ ಕರಗಿದ ಕಬ್ಬಿಣವಿದೆ, ಮುಚ್ಚಳ ಪಕ್ಕದಲ್ಲೇ ಬಿದ್ದಿದೆ, ಕೆಂಡದ ಬಾಯಿ ಛಾವಣಿಗೆ ಶಾಖ ಸುರಿಯುತ್ತಿದೆ. ಮೋಲ್ಡ್ ಸಿದ್ಧವಾಗುವವರೆಗೆ ಹಾಗೇ ಕಾಯುತ್ತಾರೆ. ಆ ಮಾಲೀಕರಿಗೆ ಯಾವ ವಾರ್ಷಿಕ ವರದಿಯೂ ಇಲ್ಲ, ಯಾವ ಆಡಿಟ್ ಕಡ್ಡಾಯವೂ ಇಲ್ಲ. ಆದರೆ ಯುರೋಪಿನ ಗಡಿ ಕಾರ್ಬನ್ ಸುಂಕ 2026ರ ಜನವರಿಯಿಂದ ಹಣದ ಬಾಧ್ಯತೆಯಾಗಿ ಜಾರಿಗೆ ಬಂದಿದೆ. ಬೋಲ್ಟು-ನಟ್ಟು ಕೂಡ ಅದರ ಪಟ್ಟಿಯಲ್ಲಿದೆ. ಅಲ್ಲಿನ ಖರೀದಿದಾರ ಒಂದು ದಿನ ಈಮೇಲ್ ಕಳಿಸಿ, ಈ ಬೋಲ್ಟಿನ ಹಿಂದೆ ಎಷ್ಟು ಇಂಗಾಲವಿದೆ ಎಂದು ಕೇಳುತ್ತಾನೆ. ಶೆಡ್ಡಿಗೆಲ್ಲ ಸೇರಿ ಒಂದೇ ಮೀಟರ್ ಇರುವವರು ಏನು ಉತ್ತರ ಬರೆಯಬೇಕು? ನಮ್ಮ ಕಾಯ್ದೆ ಕೇಳದ ಲೆಕ್ಕವನ್ನು ಬೇರೆಯವರ ಕಾಯ್ದೆ ಕೇಳುತ್ತಿದೆ. ಇವರಿಗೆ ದಂಡದ ಭಯ ಹುಟ್ಟಿಸುವ ಕಾನೂನು ನನಗೆ ಬೇಡ. ಫರ್ನೇಸಿಗೊಂದು, ಕಂಪ್ರೆಸರಿಗೊಂದು ಮೀಟರ್ ಹಾಕಿಸಲು ನೆರವು ಬೇಕು, ಹತ್ತಾರು ಘಟಕಗಳಿಗೆ ಸೇರಿ ಒಬ್ಬ ಎನರ್ಜಿ ಮ್ಯಾನೇಜರ್ ಬೇಕು.

ರಾಜ್ಯ ಮಟ್ಟದಲ್ಲಿ ಕಾಯ್ದೆ ಜಾರಿಯ ಹೊಣೆ ಹೊತ್ತಿರುವುದು ಕರ್ನಾಟಕದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆಯಾದ ಕ್ರೆಡಲ್, ದಂಡದ ತೀರ್ಮಾನ ಮಾಡಬೇಕಾದದ್ದು ವಿದ್ಯುತ್ ನಿಯಂತ್ರಣ ಆಯೋಗದ ಸದಸ್ಯರು. ರಾಜ್ಯವೇ ಇಂಧನ ಸಂರಕ್ಷಣಾ ನಿಧಿ ಕಟ್ಟಲು ಕಾಯ್ದೆಯ 16ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆ ನಿಧಿ ಈ ಸಣ್ಣ ಶೆಡ್ಡುಗಳ ಮೀಟರುಗಳಿಗೆ ಹೋಗಲಿ ಎಂಬ ಠರಾವು ಈ ಸಂಕಿರಣದಿಂದ ಹೊರಬರಬೇಕು. ಅದರ ಜೊತೆಗೆ ಇನ್ನೊಂದು: ಎನರ್ಜಿ ಮ್ಯಾನೇಜರ್ ನೇರವಾಗಿ ಆಡಳಿತ ಮಂಡಳಿಗೆ ವರದಿ ಮಾಡುವಂತೆ ನಿಯಮ ತಿದ್ದಲು ಬಿಇಇಗೆ ಶಿಫಾರಸು ಕಳಿಸೋಣ. ಕರಡನ್ನು ಇಲ್ಲಿರುವ ಎನರ್ಜಿ ಮ್ಯಾನೇಜರ್‌ಗಳೇ ಬರೆಯಲಿ, ವಕೀಲ ಮಿತ್ರರು ತಿದ್ದಲಿ, ನಾಳೆ ಸಮಾರೋಪಕ್ಕೆ ಮುಂಚೆ ಅದನ್ನು ಸಭೆಯ ಮುಂದಿಡೋಣ.