ಎಬ್ಬಿಸುವ ಕೆಲಸ ದೋಣಿಯದು

ನನಗೆ ಬರುವ ಪತ್ರಗಳಲ್ಲಿ ಒಂದು ಅಳಲು ಮತ್ತೆ ಮತ್ತೆ ಕಾಣುತ್ತಿದೆ. ರಜೆಯಲ್ಲಿ ಸಮುದ್ರತೀರಕ್ಕೆ ಹೋದವರು, ಅಮೆರಿಕದಲ್ಲಿ ಮಗನ ಗೆಳೆಯರ ದೋಣಿಯ ಹಿಂದೆ ಹಗ್ಗ ಹಿಡಿದವರು, ಎಲ್ಲರದೂ ಒಂದೇ ಮಾತು: "ವಾಟರ್‌ಸ್ಕೀ ಕಟ್ಟಿಕೊಂಡೆ, ಆದರೆ ನೀರಿನಿಂದ ಮೇಲೇಳಲೇ ಆಗಲಿಲ್ಲ. ತೋಳಿನಲ್ಲಿ ಕಸುವು ಸಾಲದೇನೋ." ಜಿಮ್‌ಗೆ ಹೋಗಿ ತೋಳು ಬೆಳೆಸಿಕೊಂಡು ಬನ್ನಿ ಅಂತ ಒಬ್ಬರಿಗೆ ಯಾರೋ ಸಲಹೆಯನ್ನೂ ಕೊಟ್ಟಿದ್ದಾರೆ. ಆ ಮಹಾನುಭಾವರು ಎಂದೂ ಹಗ್ಗದ ತುದಿ ಹಿಡಿದಿರಲಿಕ್ಕಿಲ್ಲ.

ತೋಳಿನಿಂದ ಮಾಡಬೇಕಾದದ್ದು ಹಗ್ಗದ ಹಿಡಿಯನ್ನು ಬಿಗಿಯಾಗಿ ಹಿಡಿಯುವುದು, ಅಷ್ಟೇ. ಎಳೆಯುವುದಲ್ಲ. ಏಕೆಂದು ಕೇಳಿ.

ಕಾಲಿಗೆ ಕಟ್ಟಿದ ಸ್ಕೀ ಹಲಗೆಯನ್ನು ಎತ್ತುವುದು ನೀರು. ಅದರ ಬಲ ವೇಗದ ಜೊತೆ ಏರುತ್ತದೆ, ಅದೂ ಸಮಸಮವಾಗಿ ಅಲ್ಲ: ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಹಾಗಾಗಿ ಹೊರಟ ಮೊದಲ ಕ್ಷಣಗಳಲ್ಲಿ ನಿಮ್ಮ ಕಾಲಡಿಯ ಹಲಗೆ ನಿಮ್ಮನ್ನು ಹೊರುವ ಸ್ಥಿತಿಯಲ್ಲೇ ಇರುವುದಿಲ್ಲ. ಆಗ ಕಾಲು ಚಾಚಿ ನಿಲ್ಲಲು ಹೋದರೆ ಹಲಗೆಗಳು ನೀರಿಗೆ ಅಡ್ಡಗೋಡೆಯಾಗುತ್ತವೆ. ದೋಣಿ ಮುಂದಕ್ಕೆ, ನೀರು ಹಿಂದಕ್ಕೆ. ಹಿಡಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಇನ್ನು ಮೊಣಕೈ ಮಡಚಿ ಹಿಡಿಯನ್ನು ಎದೆಗೆ ಎಳೆದುಕೊಂಡಿರೋ, ಹಗ್ಗ ಒಂದು ಗಳಿಗೆ ಸಡಿಲಾಗುತ್ತದೆ, ನೀವು ಹಿಂದಕ್ಕೆ ವಾಲುತ್ತೀರಿ, ಮರುಗಳಿಗೆ ಜಗ್ಗು. ಮೂಗಿನ ತುಂಬ ನೀರು.

ಕಲಿಸುವಾಗ ನಾನು ಕಂಡದ್ದು ಇದನ್ನೇ. ಕಟ್ಟುಮಸ್ತಾದ ಹುಡುಗರು ಹಗ್ಗದೊಡನೆ ಜಗಳಕ್ಕೆ ನಿಲ್ಲುತ್ತಾರೆ, ಬೀಳುತ್ತಾರೆ. ಸಣಕಲು ಮೇಷ್ಟರೊಬ್ಬರು ಹೇಳಿದಂತೆ ಸುಮ್ಮನೆ ಮುದುರಿ ಕೂತಿದ್ದರು, ಎದ್ದೇಬಿಟ್ಟರು.

ಆದ್ದರಿಂದ ಮಾಡಬೇಕಾದದ್ದು ಇಷ್ಟು: ಮೊಣಕಾಲು ಎದೆಗೆ, ಕೈ ನೀಳ, ಹಲಗೆಯ ತುದಿ ನೀರಿನ ಮೇಲೆ. ಕುಕ್ಕರಗಾಲಲ್ಲಿ ಕೂರುವ ಅಭ್ಯಾಸ ನಮ್ಮವರಿಗೆ ಇದ್ದೇ ಇದೆ, ಇಲ್ಲಿ ಅದೇ ಬಂಡವಾಳ. ಹಗ್ಗ ನೀರಿನಿಂದ ಮೇಲೆದ್ದು, ಹನಿ ಉದುರಿಸುತ್ತ, ದೋಣಿಯವರೆಗೆ ಒಂದೇ ಗೆರೆಯಾಗುವುದನ್ನು ಕಣ್ಣಾರೆ ನೋಡಿ. ಆಮೇಲೆ "ಹೊರಡಿ" ಎನ್ನಿ. ವೇಗ ಹೆಚ್ಚಿದಂತೆ ನೀರೇ ಎತ್ತುತ್ತದೆ. ಹಲಗೆ ನೀರಿನ ಮೇಲೆ ಜಾರತೊಡಗಿತು ಅನಿಸಿದ ಮೇಲೆ ನಿಧಾನಕ್ಕೆ ಏಳಿ. ಆಗಲೂ ಮೊಣಕಾಲು ಕೊಂಚ ಮಡಚಿರಲಿ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ನೆಲದ ಮೇಲೆ ಮುದುರಿ ಕೂತು ಟವೆಲ್‌ನ ಒಂದು ತುದಿ ಹಿಡಿಯಿರಿ, ಇನ್ನೊಂದನ್ನು ಎದುರಿನವರು ಮೆಲ್ಲಗೆ ಎಳೆಯಲಿ. ಕೈ ನೀಳವಾಗಿದ್ದರೆ ಪಾದದ ಮೇಲೆ ತಾನಾಗಿ ಏಳುತ್ತೀರಿ. ಮೊಣಕೈ ಮಡಚಿ ನೋಡಿ, ಹಿಂದಕ್ಕೆ ಕುಸಿಯುತ್ತೀರಿ.

ಈ ಗುಟ್ಟು ಈ ಆಟದಷ್ಟೇ ಹಳೆಯದು. 1922ರಲ್ಲಿ ಮಿನೆಸೋಟದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹದಿನೆಂಟರ ಹುಡುಗ ಪೀಪಾಯಿಯ ಪಟ್ಟಿ, ಹಿಮದ ಸ್ಕೀ ಎಲ್ಲ ಕಟ್ಟಿಕೊಂಡು ನೋಡಿ ಸೋತ. ಕೊನೆಗೆ ಪೈನ್ ಹಲಗೆಯ ತುದಿಯನ್ನು ಅಮ್ಮನ ತಾಮ್ರದ ಹಂಡೆಯಲ್ಲಿ ಬೇಯಿಸಿ ಬಾಗಿಸಿಕೊಂಡ. ಅಣ್ಣ ದೋಣಿ ನಡೆಸಿದ. ತುದಿಗಳನ್ನು ನೀರಿನ ಮೇಲಿಟ್ಟು ತಾನು ಹಿಂದಕ್ಕೆ ಒರಗಿದಾಗಲೇ ಅವನಿಗೆ ನಿಲ್ಲಲು ಸಾಧ್ಯವಾದದ್ದು.

ಎರಡೂ ಪಾದಗಳನ್ನು ಒಂದೇ ಹಲಗೆಗೆ ಕಟ್ಟುವ ವೇಕ್‌ಬೋರ್ಡಿಗೂ ಇದೇ ಪಾಠ. ಹಲಗೆ ದೋಣಿಗೆ ಅಡ್ಡವಾಗಿರಲಿ, ಹಿಮ್ಮಡಿಯ ಮೇಲೆ ಕೂತಂತೆ ಇರಿ. ಮೇಲೆ ಬಂದ ಬಳಿಕ ಒಂದು ಪಾದ ಮುಂದಾಗಲು ಬಿಡಿ. "ಜೋರಾಗಿ ಎಳೆಸಿಕೊಂಡರೆ ಬೇಗ ಏಳಬಹುದು" ಎಂಬುದು ಇನ್ನೊಂದು ಭ್ರಮೆ. ಎರಡು ಹಲಗೆಯ ಮೇಲೆ ನಿಂತ ಹೊಸಬರಿಗೆ ಗಂಟೆಗೆ 25ರಿಂದ 30 ಕಿಲೋಮೀಟರ್ ಧಾರಾಳ. ಅಲ್ಲಿಗೆ ತಲುಪುವುದೂ ಹದವಾಗಿ ಆಗಬೇಕು.

ಕೊನೆಗೆ ಕೆಲವು ಎಚ್ಚರಿಕೆಯ ಮಾತು. ಈಜು ಬಂದರೂ ಲೈಫ್ ಜಾಕೆಟ್ ಬೇಕೇ ಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋದೀತು. ದೋಣಿಯಲ್ಲಿ ಚಾಲಕನಲ್ಲದೆ ನಿಮ್ಮನ್ನೇ ನೋಡುತ್ತಿರುವ ಇನ್ನೊಬ್ಬರು ಇರಲಿ. ನಮ್ಮವರು "ಎಲ್ಲ ಸರಿ" ಎಂದು ಹೆಬ್ಬೆರಳು ಎತ್ತುತ್ತಾರೆ, ಈ ಆಟದಲ್ಲಿ ಅದರ ಅರ್ಥ "ವೇಗ ಹೆಚ್ಚಿಸಿ"! ತಗ್ಗಿಸಲು ಹೆಬ್ಬೆರಳು ಕೆಳಗೆ. ಬಿದ್ದ ಮೇಲೆ ಎರಡೂ ಕೈ ತಲೆಯ ಮೇಲೆ ಜೋಡಿಸಿದರೆ ಏನೂ ಆಗಿಲ್ಲವೆಂದು ದೋಣಿಯವರಿಗೆ ತಿಳಿಯುತ್ತದೆ. ಬೀಳುವುದು ಖಚಿತವಾದಾಗ ಹಿಡಿ ಬಿಟ್ಟುಬಿಡಿ, ಪ್ರತಿಷ್ಠೆಯ ಪ್ರಶ್ನೆ ಮಾಡಿಕೊಳ್ಳಬೇಡಿ. ಮತ್ತೆ ದೋಣಿ ಹತ್ತುವ ಮುಂಚೆ ಎಂಜಿನ್ ಪೂರ್ತಿ ಆರಿದೆಯೇ ಎಂದು ಬಾಯಿಬಿಟ್ಟು ಕೇಳಿ. ನ್ಯೂಟ್ರಲ್‌ನಲ್ಲಿದೆ ಎಂದರೆ ಸಾಲದು, ಆರಿರಬೇಕು.